ತಂತಿಯನ್ನು ನಿಲ್ಲಿಸುವ ಕೈ: ಹೆಡ್‌ಲೆಸ್ ಮಲ್ಟಿಸ್ಕೇಲ್ ಬೇಸ್ ಗಿಟಾರ್ ಮತ್ತು ಅಕ್ಕಲಕೋಟ ಸೀಮೆಯ ಭಜನಾಪದ

(ಆನ್‌ಲೈನ್ ವಿಚಾರಸಂಕಿರಣದಲ್ಲಿ ಮಂಡಿಸಿದ ಮಾತಿನ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ನನ್ನ ದನಿ ಕೇಳ್ತಾ ಇದೆ ಅಂದುಕೊಂಡು ಶುರು ಮಾಡ್ತೀನಿ. ನಾನು ಕನ್ನಡ ಎಂ.ಎ. ಎರಡನೇ ವರ್ಷದ ವಿದ್ಯಾರ್ಥಿ. ಊರು ಅಕ್ಕಲಕೋಟ ತಾಲೂಕಿನಲ್ಲಿ, ಓದು ಸೊಲ್ಲಾಪುರದಲ್ಲಿ. ಶೀರ್ಷಿಕೆ ನೋಡಿದ ಒಬ್ಬರು, ಕನ್ನಡ ಸೆಮಿನಾರಿನಲ್ಲಿ ಬೇಸ್ ಗಿಟಾರಿಗೇನು ಕೆಲಸ ಅಂತ ಕೇಳಿದರು. ತತ್ವಪದದ ಬಗ್ಗೆ ನಾವು ಬರೆಯುವ ಪ್ರಬಂಧಗಳಲ್ಲಿ ಪಲ್ಲವಿ, ಅಂಕಿತ, ಗುರುಪರಂಪರೆ, ರೂಪಕ ಎಲ್ಲ ಬರುತ್ತವೆ. ಪದ ಹಾಡುವಾಗ ಕೈಯಲ್ಲಿದ್ದ ವಾದ್ಯ ಮಾತ್ರ ಒಂದು ವಾಕ್ಯದಲ್ಲಿ ಮುಗಿಯುತ್ತದೆ: "ಏಕತಾರಿಯ ಹಿಮ್ಮೇಳದಲ್ಲಿ ಹಾಡುತ್ತಿದ್ದರು." ಆ ವಾದ್ಯ ಹೇಗೆ ಕಟ್ಟಿದ್ದು, ಎಷ್ಟು ಹೊತ್ತು ನುಡಿಯುತ್ತದೆ, ಯಾವಾಗ ಸುಮ್ಮನಾಗುತ್ತದೆ ಅನ್ನೋದು ಪದದ ಅರ್ಥಕ್ಕೆ ಸಂಬಂಧಪಟ್ಟ ಪ್ರಶ್ನೆ ಅಂತ ನನ್ನ ವಾದ.

ಈ ಪ್ರಶ್ನೆ ಎದ್ದದ್ದು ನಮ್ಮೂರಿನ ಭಜನಾ ಮಂಡಳಿಯಲ್ಲಿ. ಹಾರ್ಮೋನಿಯಂ, ತಬಲಾ, ದಮ್ಮಡಿ, ತಾಳ, ಒಂದು ಏಕತಾರಿ, ಇಷ್ಟು ಅಲ್ಲಿಯ ವಾದ್ಯಗಳು. ಏಕತಾರಿ ಹಿಡಿಯುವ ಹಿರಿಯರನ್ನು ನಾವೆಲ್ಲ ಮುತ್ಯಾ ಅಂತೀವಿ. ಯಾವ ಸಂಕಲನದಲ್ಲೂ ನಾನು ಕಾಣದ ಪದಗಳು ಅವರ ಬಾಯಲ್ಲಿವೆ. ಪುಣೆಯಲ್ಲಿ ಕೆಲಸ ಮಾಡುವ ನಮ್ಮ ಕಾಕಾನ ಮಗ ಕಳೆದ ಶ್ರಾವಣಕ್ಕೆ ಬಂದಾಗ ತನ್ನ ಐದು ತಂತಿಯ ಬೇಸ್ ತಂದ. ಹೆಡ್‌ಲೆಸ್, ಮಲ್ಟಿಸ್ಕೇಲ್. ಕಂಪನಿಯ ಹೆಸರು ಬೇಡ, ನಾನಿಲ್ಲಿ ಜಾಹೀರಾತಿಗೂ ಬಂದಿಲ್ಲ, ಜಗಳಕ್ಕೂ ಬಂದಿಲ್ಲ. ಮೊದಲ ರಾತ್ರಿ ಎರಡು ಪದ ಮುಗಿದ ಮೇಲೆ ಮುತ್ಯಾ ಹೇಳಿದ್ದು ಇಷ್ಟು: "ತಮ್ಮಾ, ದನಿ ಚಲೋ ಅದ. ಆದ್ರ ಮಾತು ನುಂಗ್ತದ ನೋಡು."

ನಾನು ಓದಿದ ಬೇಸ್ ವಿಮರ್ಶೆಗಳಲ್ಲಿ ಈ ಒಂದು ವಾಕ್ಯದಷ್ಟು ನಿಖರವಾದದ್ದು ಇನ್ನೊಂದಿಲ್ಲ. ಅದನ್ನೇ ಬಿಡಿಸಿ ನೋಡೋಣ.

ಮೊದಲು ವಾದ್ಯ ಏನು ಅಂತ ಹೇಳಿಬಿಡ್ತೀನಿ, ಎಲ್ಲರಿಗೂ ಗೊತ್ತಿರಬೇಕೆಂದಿಲ್ಲ. ಸಾಧಾರಣ ಗಿಟಾರಿನ ಕುತ್ತಿಗೆಯ ತುದಿಗೆ ಒಂದು ಹಲಗೆ ಇರುತ್ತದೆ, ಬಿರಡೆಗಳು ಅದರಲ್ಲಿ ಕೂತಿರುತ್ತವೆ. ಇಂಗ್ಲಿಷಿನವರು ಅದಕ್ಕೆ ಹೆಡ್ ಅಂತಾರೆ, ತಲೆ. ಹೆಡ್‌ಲೆಸ್‌ನಲ್ಲಿ ಆ ಹಲಗೆ ಇಲ್ಲ. ತಂತಿಯನ್ನು ಆ ತುದಿಯಲ್ಲಿ ಕಚ್ಚಿಸಿ, ಬಿಗಿಸುವ ತಿರುಪುಗಳನ್ನು ಈ ಕಡೆ, ಕುದುರೆಯ ಹಿಂದೆ ಇಟ್ಟಿರುತ್ತಾರೆ. ಅಮೆರಿಕದ ನೆಡ್ ಸ್ಟೈನ್‌ಬರ್ಗರ್ 1980ರ ಸುಮಾರಿಗೆ ಕಾರ್ಬನ್ ನಾರಿನಲ್ಲಿ ಇಂಥ ಬೇಸ್ ಮಾಡಿದ ಮೇಲೆ ಇದು ಜನಕ್ಕೆ ಪರಿಚಯವಾಯಿತು. ಇನ್ನು ಮಲ್ಟಿಸ್ಕೇಲ್. ಮಾಮೂಲಿ ಬೇಸ್‌ನಲ್ಲಿ ಎಲ್ಲ ತಂತಿಗಳ ಮಿಡಿಯುವ ಉದ್ದ ಒಂದೇ, ಹೆಚ್ಚಾಗಿ 34 ಇಂಚು. ಮಲ್ಟಿಸ್ಕೇಲ್‌ನಲ್ಲಿ ದಪ್ಪ ತಂತಿ ಉದ್ದ, ಸಣ್ಣ ತಂತಿ ಗಿಡ್ಡ. ಹಾಗಾಗಿ ಫ್ರೆಟ್‌ಗಳು ಬೀಸಣಿಗೆಯ ಕಡ್ಡಿಗಳ ಹಾಗೆ ಓರೆಯಾಗಿ ಹರಡುತ್ತವೆ, ನಡುವೆ ಒಂದು ಮಾತ್ರ ನೆಟ್ಟಗೆ ನಿಲ್ಲುತ್ತದೆ. ರಾಲ್ಫ್ ನೊವಾಕ್ ಇದಕ್ಕೆ 1989ರಲ್ಲಿ ಪೇಟೆಂಟ್ ಪಡೆದರು. ಉಪಾಯ ಮಾತ್ರ ಹಳೆಯದು. ಇಂಗ್ಲೆಂಡಿನಲ್ಲಿ 16-17ನೇ ಶತಮಾನದಲ್ಲಿ ನುಡಿಸುತ್ತಿದ್ದ ಆರ್ಫೇರಿಯನ್ ಎಂಬ ತಂತಿವಾದ್ಯಕ್ಕೂ ಓರೆ ಫ್ರೆಟ್‌ಗಳಿರುತ್ತಿದ್ದವು. ನಮ್ಮ ಹುಡುಗ ತಂದದ್ದರಲ್ಲಿ ದಪ್ಪ ತಂತಿ 35 ಇಂಚು, ಸಣ್ಣದು 33. ಕೆನಡಾದ ಡಿಂಗ್‌ವಾಲ್ ಅವರದು 37ರಿಂದ 34ಕ್ಕೆ ಇಳಿಯುತ್ತದೆ.

ಈ ಉದ್ದದ ಲೆಕ್ಕ ಯಾಕೆ? ಅದೇ ತಂತಿ, ಅದೇ ಸ್ವರ ಆದರೆ, ಬಿಗಿತ ಉದ್ದದ ವರ್ಗದ ಪ್ರಮಾಣದಲ್ಲಿ ಏರುತ್ತದೆ. 34ರಿಂದ 35ಕ್ಕೆ ಹೋದರೆ ಶೇ. 6ರಷ್ಟು, 37ಕ್ಕೆ ಹೋದರೆ ಶೇ. 18ರಷ್ಟು. ಐದನೆಯ ದಪ್ಪ ತಂತಿ ಸೆಕೆಂಡಿಗೆ ಸುಮಾರು 31 ಸಲ ಮಿಡಿಯುತ್ತದೆ. 34 ಇಂಚಿನಲ್ಲಿ ಅದು ಸಡಿಲ. ಜೋರಾಗಿ ಮೀಟಿದರೆ ಮೊದಲು ಸ್ವರ ತುಸು ಮೇಲಕ್ಕೆ ಹೋಗಿ ಆಮೇಲೆ ಕೆಳಗಿಳಿದು ಕೂರುತ್ತದೆ. ಉದ್ದ ಹೆಚ್ಚಿದರೆ ಈ ತೂರಾಟ ಕಡಿಮೆ. ಇಷ್ಟೂ ನಿಜವಾದ ಗುಣ.

ಈಗ ನಮ್ಮ ಸಾಹಿತ್ಯಕ್ಕೆ ಬರ್ತೀನಿ. ವಾದ್ಯದ ಕಟ್ಟೋಣದ ಬಗ್ಗೆ ಕನ್ನಡದಲ್ಲಿ ಎಲ್ಲರಿಗೂ ಗೊತ್ತಿರುವ ರಚನೆ ಬಸವಣ್ಣನವರ ಒಂದು ವಚನ. ತನ್ನ ಶರೀರವನ್ನು ಬಿಡಿಭಾಗ ಮಾಡಿ ದೇವರ ಕೈಗೆ ವಾದ್ಯವಾಗಿ ಕೊಡುವ ವಚನ ಅದು. ಮೈ ದಂಡಿಗೆಯಾಗುತ್ತದೆ, ನರ ತಂತಿಯಾಗುತ್ತದೆ, ಬೆರಳು ಮೀಟುವ ಕಡ್ಡಿಯಾಗುತ್ತದೆ. ತಲೆ? ತಲೆ ಸೋರೆಯಾಗುತ್ತದೆ. ಇದನ್ನು ನಾವು ಸಮರ್ಪಣೆಯ ರೂಪಕ ಅಂತ ಓದಿ ಪರೀಕ್ಷೆ ಬರೆದಿದ್ದೀವಿ. ಒಬ್ಬ ವಾದ್ಯ ಮಾಡುವ ಬಡಿಗ ಇದನ್ನು ಓದಿದರೆ ಇದು ಒಂದು ಪಟ್ಟಿ, ಯಾವ ಅಂಗಕ್ಕೆ ಯಾವ ಕೆಲಸ ಅನ್ನುವ ಪಟ್ಟಿ. ಆ ಪಟ್ಟಿಯಲ್ಲಿ ತಲೆ ಅಂದರೆ ಬಿರಡೆ ಇರುವ ಜಾಗವಲ್ಲ, ದನಿ ತುಂಬಿಕೊಳ್ಳುವ ಜಾಗ. ತಂತಿಯ ಸಣ್ಣ ಮಿಡಿತವನ್ನು ಊರಿಗೆ ಕೇಳುವಷ್ಟು ದೊಡ್ಡದು ಮಾಡುವ ಟೊಳ್ಳು.

ಈ ಲೆಕ್ಕದಲ್ಲಿ ಇಂಗ್ಲಿಷಿನ 'ಹೆಡ್‌ಲೆಸ್' ಅನ್ನುವ ಹೆಸರು ನಮಗೆ ಸರಿಹೊಂದುವುದಿಲ್ಲ. ಬಿರಡೆಹಲಗೆ ಇದ್ದರೂ ಎಲೆಕ್ಟ್ರಿಕ್ ಗಿಟಾರಿಗೆ ಬಸವಣ್ಣನವರ ಅರ್ಥದ ತಲೆ ಇರಲೇ ಇಲ್ಲ. ಅದರ ಮೈ ಗಟ್ಟಿ ಮರ, ಒಳಗೆ ಟೊಳ್ಳಿಲ್ಲ. ಅದರ ಸೋರೆ ಎಲ್ಲಿದೆ ಅಂದರೆ ಆಂಪ್ಲಿಫೈಯರಿನಲ್ಲಿ, ಸ್ಪೀಕರಿನಲ್ಲಿ. ತಲೆಯನ್ನು ಮೈಯಿಂದ ಬಿಡಿಸಿ ವೈರಿನ ಇನ್ನೊಂದು ತುದಿಗೆ ಇಟ್ಟಿದ್ದಾರೆ. ನಮ್ಮ ಕಡೆ ಆ ತಲೆ ಬಾಡಿಗೆಗೆ ಬರುತ್ತದೆ. ಮಂಟಪದವನು ಹಾಕಿದ್ದೇ ಸ್ಪೀಕರ್, ಹಳ್ಳಿಯಾದರೆ ಗುಡಿಯ ಮೇಲಿನ ಭೋಂಗಾ.

ಸೋರೆಯ ವಿಷಯ ಬಂದಾಗ ಒಂದು ಮಾತು ಹೇಳಲೇಬೇಕು, ಯಾಕಂದ್ರೆ ಇದು ನಮ್ಮ ಜಿಲ್ಲೆಯ ಸಂಗತಿ. ಮಿರಜದ ತಂಬೂರಿ ದೇಶಕ್ಕೇ ಗೊತ್ತು. 19ನೇ ಶತಮಾನದಲ್ಲಿ ಆಯುಧ ಮಾಡುವ ಶಿಕಲಗಾರ ಮನೆತನದವರು ಅಲ್ಲಿ ವಾದ್ಯದ ಕೆಲಸಕ್ಕೆ ತಿರುಗಿದರು. ಅಬ್ದುಲ್ ಕರೀಂ ಖಾನರು ನೆಲೆಸಿದ ಊರದು. 2024ರಲ್ಲಿ ಮಿರಜದ ಸಿತಾರಿಗೂ ತಂಬೂರಿಗೂ ಭೌಗೋಳಿಕ ಸೂಚಕ ಸಿಕ್ಕಿತು. ಆ ತಂಬೂರಿಗಳ ಸೋರೆ ಬೆಳೆಯುವುದು ಸೊಲ್ಲಾಪುರ ಜಿಲ್ಲೆಯ ಪಂಢರಪುರದ ಕಡೆ, ಭೀಮೆಯ ಸೀಮೆಯಲ್ಲಿ. ತಲೆ ನಮ್ಮದು, ಹೆಸರು ಮಿರಜದ್ದು. ಇದು ದೂರಲ್ಲ, ನಗುವ ಮಾತು. ಆದರೆ ಕಟ್ಟೋಣದ ಗುಣಮಟ್ಟ ಅನ್ನೋದು ಕಾರ್ಖಾನೆಯಲ್ಲಿ ಶುರುವಾಗದೆ ಹೊಲದಲ್ಲಿ ಶುರುವಾಗಬಹುದು ಅನ್ನೋದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಬೇಕಿಲ್ಲ.

ಬೇಸ್‌ನ ತಲೆ ಭೋಂಗಾ ಆದಾಗ ಏನಾಗುತ್ತದೆ ನೋಡ್ರಿ. ನಮ್ಮ ಮಂಡಳಿ ಹಾಡೋದು ಹಾರ್ಮೋನಿಯಂನ ಕರಿ ಒಂದರಲ್ಲಿ. ಆ ಷಡ್ಜದ ಅತಿ ಕೆಳಗಿನ ರೂಪ ಈ ಬೇಸ್‌ನ ದಪ್ಪ ತಂತಿಯ 2ನೇ ಫ್ರೆಟ್‌ನಲ್ಲಿ ಸಿಗುತ್ತದೆ, ಸುಮಾರು 34.6 ಹರ್ಟ್ಜ್. ಅದರ ಜೊತೆಗೇ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಅಂತ ಉಪಸ್ವರಗಳ ಸಾಲು ಹುಟ್ಟುತ್ತದೆ: 69, 104, 139 ಹೀಗೆ. ಭೋಂಗಾದಂಥ ತುತ್ತೂರಿ ಸ್ಪೀಕರಿಗೆ ಇಷ್ಟು ಕೆಳಗಿನ ದನಿ ಹೊರಡಿಸುವ ಶಕ್ತಿ ಇಲ್ಲ. ಅದರಲ್ಲಿ ಚೆನ್ನಾಗಿ ಬರುವುದು ಎಂಟನೆಯದೋ ಒಂಬತ್ತನೆಯದೋ ಉಪಸ್ವರದಿಂದ ಮೇಲೆ, ಅಂದರೆ 277 ಹರ್ಟ್ಜ್ ದಾಟಿದ್ದು. ಕೆಳಗಿನ ಷಡ್ಜ ಗಾಳಿಯಲ್ಲಿ ಇಲ್ಲವೇ ಇಲ್ಲ. ಆದರೂ ನಮಗೆ ಕೇಳಿಸುತ್ತದೆ. ಉಳಿದ ಸಾಲನ್ನು ನೋಡಿ ಕಿವಿಯೇ ಅದನ್ನು ಕಟ್ಟಿಕೊಳ್ಳುತ್ತದೆ.

ಹಾಗಾದರೆ ಉದ್ದ ತಂತಿಗೆ ಕೊಟ್ಟ ದುಡ್ಡು ದಂಡವೇ? ನನ್ನ ಉತ್ತರ, ಅಲ್ಲ. ದಪ್ಪ ತಂತಿ ಒಂದು ಸರಳಿನ ಹಾಗೆ ಸೆಡೆತಿರುತ್ತದೆ. ಆ ಸೆಡೆತದಿಂದ ಉಪಸ್ವರಗಳು ಸರಿಯಾದ ಜಾಗಕ್ಕಿಂತ ಮೇಲೆ ಜಾರುತ್ತವೆ. ಮೇಲಿನ ಉಪಸ್ವರ ಹೆಚ್ಚು ಜಾರುತ್ತದೆ, ಕೆಳಗಿನದು ಕಡಿಮೆ. ಭೋಂಗಾದಲ್ಲಿ ಉಳಿಯುವುದು ಆ ಮೇಲಿನವೇ, ಅಂದರೆ ಹೆಚ್ಚು ಸುಳ್ಳು ಹೇಳುವವೇ. ತಂತಿ ಉದ್ದವಾಗಿ ಬಿಗಿಯಾದಷ್ಟೂ ಈ ಜಾರುವಿಕೆ ಕಡಿಮೆಯಾಗುತ್ತದೆ. ಹಾಗಾಗಿ ಮಲ್ಟಿಸ್ಕೇಲ್‌ನ ಲಾಭ ಬೆಂಗಳೂರಿನ ದೊಡ್ಡ ಹಾಲ್‌ಗಿಂತ ನಮ್ಮ ಹಳ್ಳಿಯ ಭೋಂಗಾದಲ್ಲಿ ಹೆಚ್ಚು ಗೊತ್ತಾಗುತ್ತದೆ. "ದನಿ ಚಲೋ ಅದ" ಅಂತ ಮುತ್ಯಾ ಹೇಳಿದ್ದು ಇದಕ್ಕೇ ಅಂತ ನಾನು ಓದ್ತೀನಿ.

ಇನ್ನು ಎರಡನೇ ಅರ್ಧ: "ಮಾತು ನುಂಗ್ತದ."

ಇಲ್ಲಿ ಗಡಿಯ ಪರಿಸ್ಥಿತಿ ಗೊತ್ತಿರಬೇಕು. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದಲ್ಲಿ ಕನ್ನಡ ಶಾಲೆಗಳು ಇವೆ, ಆದರೆ ಮಂಡಳಿಯ ಹುಡುಗರಲ್ಲಿ ಬಹಳ ಮಂದಿ ಓದಿದ್ದು ಮರಾಠಿಯಲ್ಲಿ. ಮನೆಯಲ್ಲಿ ಕನ್ನಡ, ಕೈಬರಹದಲ್ಲಿ ಮರಾಠಿ. ಇದೇನು ಹೊಸದಲ್ಲ. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ ನಮ್ಮ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆ, ಆ ಪೀಠದ ಮೊದಲ ಮಹಿಳೆ, ಅವರೂ ಶಾಲೆ ಕಲಿತದ್ದು ಮರಾಠಿಯಲ್ಲಿ. ಕನ್ನಡ ಆಮೇಲೆ ಕಲಿತು ಸಿದ್ಧರಾಮನ ಪುರಾಣ ಬರೆದರು. ನಮ್ಮ ಹುಡುಗರು ಪದಗಳನ್ನು ಬರೆದುಕೊಳ್ಳುವುದು ದೇವನಾಗರಿಯಲ್ಲಿ. ಅವರ ವಹಿ ನಾನು ನೋಡಿದ್ದೀನಿ, ಅಕ್ಷರ ಚೆಂದ ಇದೆ. ಆದರೆ ಮರಾಠಿ ಬರಹದಲ್ಲಿ ಎ-ಏ, ಒ-ಓ ಭೇದ ಇಲ್ಲ. 'ಒಲೆ'ಯೂ 'ಓಲೆ'ಯೂ ಒಂದೇ ಥರ ಕಾಣುತ್ತವೆ. 'ಕೆರೆ', 'ಕೇರೆ' ಎರಡೂ ಒಂದೇ. ನೀರಿನ ಕೆರೆಯೋ ಹರಿದಾಡುವ ಕೇರೆಯೋ ಅನ್ನೋದನ್ನು ವಹಿ ಹೇಳುವುದಿಲ್ಲ. ಆ ಭೇದ ಉಳಿದಿರುವುದು ಮುತ್ಯಾನ ಬಾಯಲ್ಲಿ, ಹುಡುಗರ ಕಿವಿಯಲ್ಲಿ. ನಡುವೆ ಇರೋದು ಭೋಂಗಾ.

ಹಾಡುವಾಗ ಹ್ರಸ್ವಕ್ಕೂ ತಾಳ ತುಂಬಲು ಎಳೆತ ಬರುತ್ತದಲ್ಲ, ಆಗ ಭೇದ ಹೇಗೆ ಉಳಿಯುತ್ತದೆ ಅಂತ ನೀವು ಕೇಳಬಹುದು. ಒಳ್ಳೆಯ ಹಾಡುಗಾರ ಹ್ರಸ್ವವನ್ನು ಎಳೆಯುವುದಿಲ್ಲ. ಮುಂದಿನ ಅಕ್ಷರವನ್ನು ಬೇಗ ತರುತ್ತಾನೆ, ಇಲ್ಲವೇ ಒಂದು ಸಣ್ಣ ಬಿಡುವು ಬಿಡುತ್ತಾನೆ. ಮುತ್ಯಾ ಹಾಡಿದ್ದನ್ನು ಮೊಬೈಲಿನಲ್ಲಿ ಹಿಡಿದು ನಿಧಾನ ಮಾಡಿ ಕೇಳಿದ್ದೀನಿ. ಎರಡು ಅಕ್ಷರಗಳ ನಡುವೆ ಅವರು ಬಿಡುವ ಆ ಚಿಟಿಕೆ ಮೌನವೇ ಹ್ರಸ್ವದ ಗುರುತು. ಏಕತಾರಿ ಆ ಮೌನವನ್ನು ಕೆಡಿಸುವುದಿಲ್ಲ, ಯಾಕಂದ್ರೆ ಅದರ ನಾದ ಬೇಗ ಆರುತ್ತದೆ. ಬುರುಡೆ ತಂತಿಯ ಶಕ್ತಿಯನ್ನು ಎಳೆದುಕೊಂಡು ಒಮ್ಮೆಗೇ ಗಾಳಿಗೆ ಚೆಲ್ಲಿಬಿಡುತ್ತದೆ. 'ತುಂಯ್' ಅಂದು ಮುಗಿಯಿತು. ಮುಂದಿನ ಮೀಟಿನವರೆಗೆ ಜಾಗ ಮಾತಿನದು.

ಬೇಸ್‌ನ ಶೀಲ ಇದಕ್ಕೆ ನೇರ ವಿರುದ್ಧ. ಗಟ್ಟಿ ಮೈ ತಂತಿಯ ಶಕ್ತಿಯನ್ನು ಕುಡಿಯುವುದಿಲ್ಲ, ಹಾಗಾಗಿ ನಾದ ಬಹಳ ಹೊತ್ತು ನಿಲ್ಲುತ್ತದೆ. ಮಾರಾಟದ ಮಾತಿನಲ್ಲಿ ಇದಕ್ಕೆ ಸಸ್ಟೇನ್ ಅಂತಾರೆ. ಹೆಡ್‌ಲೆಸ್ ಬೇಸ್‌ಗಳ ಬಗ್ಗೆ ನಾನು ಓದಿದ ಹೆಚ್ಚಿನ ವಿಮರ್ಶೆಗಳಲ್ಲಿ ಇದು ಮೊದಲ ಹೊಗಳಿಕೆ: ಕುತ್ತಿಗೆ ಬಿಗಿ, ತುದಿಯಲ್ಲಿ ಅಲುಗುವ ಹಲಗೆ ಇಲ್ಲ, ಆದ್ದರಿಂದ ಪ್ರತಿ ಸ್ವರವೂ ಒಂದೇ ಸಮನೆ ಉದ್ದಕ್ಕೆ ನಿಲ್ಲುತ್ತದೆ. ನಮ್ಮ ಪದಕ್ಕೆ ಇದೇ ದೋಷ. ಅಕ್ಷರ ಮುಗಿದರೂ ಬೇಸ್ ಮುಗಿಯುವುದಿಲ್ಲ. ಹಾಡುಗಾರ ಬಿಟ್ಟ ಬಿಡುವನ್ನು ಅದು ತುಂಬಿಬಿಡುತ್ತದೆ. ಒಲೆ ಓಲೆಯಾಗುತ್ತದೆ. ಸ್ವರ ತಪ್ಪಿಲ್ಲ, ಶ್ರುತಿ ತಪ್ಪಿಲ್ಲ, ತಾಳ ತಪ್ಪಿಲ್ಲ. ಮಾತ್ರೆ ತಪ್ಪುತ್ತದೆ. ವಾದ್ಯ ವಿಮರ್ಶೆಯಲ್ಲಿ ಛಂದಸ್ಸಿಗೆ ಅಂಕ ಕೊಡುವವರು ಇಲ್ಲ.

ನುಡಿಸಾಣಿಕೆಯ ಬಗ್ಗೆ ಕನ್ನಡದಲ್ಲಿ ಕಟುವಾದ ವಿಮರ್ಶೆ ಬರೆದವರು ಶಿಶುನಾಳ ಶರೀಫರು. ತಂಬೂರಿ ನುಡಿಸಲು ಬಾರದವನನ್ನು ಗದರಿಸುವ ಅವರ ಪದ ನಿಮಗೆಲ್ಲ ಗೊತ್ತು. ಸ್ವರ ಗೊತ್ತಿಲ್ಲದಿದ್ದರೆ ಬಾರಿಸಬೇಡ, ವಾದ್ಯ ಮೇಳಕ್ಕೆ ಹೊಂದಬೇಕು ಅನ್ನುವ ಧಾಟಿ. ಅಧ್ಯಾತ್ಮದ ಅರ್ಥ ಇದೆ, ಇರಲಿ. ಅದರ ಹೊರ ಅರ್ಥವನ್ನು ನಾವು ಬೇಗ ದಾಟಿಬಿಡ್ತೀವಿ ಅನ್ನೋದು ನನ್ನ ತಕರಾರು. ಯಾವಾಗ ಬಾರಿಸಬಾರದು ಅನ್ನೋದು ಅಲ್ಲಿಯ ಕಾಳಜಿ. ನುಡಿಸಾಣಿಕೆ ಅಂದರೆ ಎಷ್ಟು ಸಲೀಸಾಗಿ ದನಿ ಹುಟ್ಟಿಸಬಹುದು ಅಂತಷ್ಟೇ ನಾವು ತಿಳಿದಿದ್ದೀವಿ. ಎಷ್ಟು ಸಲೀಸಾಗಿ ನಿಲ್ಲಿಸಬಹುದು ಅನ್ನೋದು ಅದರ ಇನ್ನೊಂದು ಮುಖ.

ಬಸವಣ್ಣನವರ ವಚನವನ್ನೂ ಇದೇ ಬೆಳಕಿನಲ್ಲಿ ಮತ್ತೆ ನೋಡಿದೆ. ಅದರ ಕೊನೆಯಲ್ಲಿ ದೇವರು ಆ ವಾದ್ಯವನ್ನು ಎದೆಗೆ ಒತ್ತಿಕೊಂಡು ಬಾರಿಸಬೇಕು ಅನ್ನುವ ಬೇಡಿಕೆ ಇದೆ. ಭಕ್ತಿಯ ಅಪ್ಪುಗೆ ಅಂತ ಟಿಪ್ಪಣಿ ಬರೆದುಕೊಂಡಿದ್ದೆವು. ಆದರೆ ಆ ಕಾಲದ ಕೋಲಿನ ವೀಣೆಗಳನ್ನು ಚಾಲುಕ್ಯ, ಹೊಯ್ಸಳ ಗುಡಿಗಳ ಶಿಲ್ಪದಲ್ಲಿ ನೋಡ್ರಿ. ಸೋರೆಯನ್ನು ಎದೆಗೋ ಭುಜಕ್ಕೋ ಆನಿಸಿ ಓರೆಯಾಗಿ ಹಿಡಿದಿರುತ್ತಾರೆ. ಸೋರೆಯ ಬಾಯಿ ಎದೆಗೆ ಒತ್ತಿದರೆ ನಾದ ಮುಚ್ಚುತ್ತದೆ, ಬಿಟ್ಟರೆ ತೆರೆಯುತ್ತದೆ. ಅಂದರೆ ಆ ಒತ್ತುವಿಕೆ ವಾದನದ ಒಂದು ಕ್ರಿಯೆ, ನಾದವನ್ನು ಹಿಡಿತದಲ್ಲಿಡುವ ಕ್ರಿಯೆ. ನಮ್ಮ ಇಂದಿನ ಏಕತಾರಿಯಲ್ಲಿ ಬುರುಡೆ ಕೆಳಗಿರುತ್ತದೆ. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ವಚನ ಓದಿದರೆ ತಲೆ ಕೆಳಗಾದ ಮನುಷ್ಯ ಕಾಣುತ್ತಾನೆ, ಕೊನೆಯ ಬೇಡಿಕೆ ಬರೀ ಭಾವುಕತೆ ಅನ್ನಿಸುತ್ತದೆ. ಕೋಲಿನ ವೀಣೆ ಇಟ್ಟುಕೊಂಡು ಓದಿದರೆ ತಲೆ ಮೇಲೆಯೇ ಇದೆ, ಅದು ದೇವರ ಎದೆಗೆ ಒರಗಿದೆ, ಅವನಿಗೆ ಬೇಕಾದಾಗ ಸುಮ್ಮನಾಗುತ್ತದೆ. ಇದು ನನ್ನ ಓದು. ಒಪ್ಪದವರು ಪ್ರಶ್ನೋತ್ತರದಲ್ಲಿ ಹೇಳಿ.

ಈಗ ಈ ಅಳತೆ ಇಟ್ಟುಕೊಂಡು ಬೇಸ್‌ನ ಗುಣದೋಷ.

ಕೂತು ನುಡಿಸುವುದಕ್ಕೆ ಹೆಡ್‌ಲೆಸ್ ಒಳ್ಳೆಯದು, ಇದರಲ್ಲಿ ಎರಡು ಮಾತಿಲ್ಲ. ಭಜನೆ ಜಮಖಾನೆಯ ಮೇಲೆ, ಚಕ್ಕಳಮಕ್ಕಳ ಹಾಕಿ, ಮೂರು-ನಾಲ್ಕು ತಾಸು. ಮಾಮೂಲಿ ಬೇಸ್ ಹಿಡಿದು ಕೂತರೆ ಬಿರಡೆಹಲಗೆಯ ಭಾರಕ್ಕೆ ಕುತ್ತಿಗೆ ಕೆಳಗೆ ವಾಲುತ್ತದೆ, ಎಡಗೈ ಅದನ್ನು ಎತ್ತಿ ಹಿಡಿಯುವ ಕೂಲಿ ಮಾಡಬೇಕು. ಜೊತೆಗೆ ಪಕ್ಕದ ತಬಲಾದವನ ಮೊಣಕೈಗೆ ತಾಗುತ್ತದೆ. ಹೆಡ್‌ಲೆಸ್ ಒಂದು ಮೀಟರಿನ ಸುಮಾರು, ತೊಡೆಯ ಮೇಲೆ ಸಮತೂಕದಲ್ಲಿ ಕೂರುತ್ತದೆ. ಸೊಲ್ಲಾಪುರ-ಅಕ್ಕಲಕೋಟ 40 ಕಿಲೋಮೀಟರ್ ದಾರಿ ಎಸ್‌ಟಿ ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟು ಬರಬಹುದು. ದೊಡ್ಡ ತಂಬೂರಿ ತಂದವರಿಗೆ ಇದರ ಬೆಲೆ ಗೊತ್ತು.

ಓರೆ ಫ್ರೆಟ್ ಬಗ್ಗೆ ನನಗೆ ಅಷ್ಟು ಉತ್ಸಾಹ ಇಲ್ಲ. ಕರಿ ಒಂದರ ಷಡ್ಜ ದಪ್ಪ ತಂತಿಯ 2ನೇ ಫ್ರೆಟ್‌ನಲ್ಲಿ, ಪಂಚಮ ಅದರ ಪಕ್ಕದ ತಂತಿಯ 4ನೇ ಫ್ರೆಟ್‌ನಲ್ಲಿ, ಮೇಲಿನ ಷಡ್ಜ ಮೂರನೇ ತಂತಿಯ 4ರಲ್ಲಿ. ನಮಗೆ ಬೇಕಾದ ಕೈಯಾಟ ಹೆಚ್ಚುಕಡಿಮೆ ಇಷ್ಟೇ. ಓರೆ ಹೆಚ್ಚಿರುವುದು ಕುತ್ತಿಗೆಯ ಆ ತುದಿಯಲ್ಲೇ, ಹಾಗಾಗಿ ಬೆರಳು ಮಾಮೂಲಿಗಿಂತ ಅಗಲಬೇಕು. ಅಭ್ಯಾಸವಾದವರಿಗೆ ತೊಂದರೆ ಇಲ್ಲ, ಹೊಸಬರಿಗೆ ಒಂದು ತಾಸಿಗೆ ಕೈ ಸೋಲುತ್ತದೆ. ಇನ್ನು ಗಾಂಧಾರ. ಸಪ್ತಕವನ್ನು 1200 ಸೆಂಟ್ ಅಂತ ಎಣಿಸಿದರೆ ತಂಬೂರಿಯಲ್ಲಿ ತಾನಾಗಿ ಕೇಳುವ ಗಾಂಧಾರ 386ರಲ್ಲಿ, ಫ್ರೆಟ್‌ನ ಗಾಂಧಾರ 400ರಲ್ಲಿ. ಪಂಚಮದ ವ್ಯತ್ಯಾಸ 2 ಸೆಂಟ್, ಲೆಕ್ಕಕ್ಕಿಲ್ಲ. ಅದಕ್ಕೇ ನನ್ನ ಅಭಿಪ್ರಾಯ, ಬೇಸ್ ಸಾ-ಪಾ ಬಿಟ್ಟು ಹೋಗಬಾರದು. ಹಾರ್ಮೋನಿಯಂ ಈ ಅಪರಾಧವನ್ನು ಎಷ್ಟೋ ದಶಕಗಳಿಂದ ಮಾಡುತ್ತಿದೆ ನಿಜ, ಅದಕ್ಕೆ ಜೊತೆಗಾರ ಬೇಕಿಲ್ಲ.

ಕಟ್ಟೋಣದಲ್ಲಿ ನಮ್ಮ ಹವೆ ದೊಡ್ಡ ಪರೀಕ್ಷಕ. ಏಪ್ರಿಲ್-ಮೇ ಒಣ ಬಿಸಿಲಿಗೆ ಕುತ್ತಿಗೆಯ ಮರ ಕುಗ್ಗುತ್ತದೆ, ಲೋಹದ ಫ್ರೆಟ್ ಕುಗ್ಗುವುದಿಲ್ಲ. ಅದರ ತುದಿ ಹೊರಗೆ ಬಂದು ಅಂಗೈ ಗೀರುತ್ತದೆ. ಓರೆ ಫ್ರೆಟ್‌ನ ತುದಿ ಒಂದು ಕಡೆ ಚೂಪಾಗಿರುವುದರಿಂದ ಹೆಚ್ಚು ಗೀರುತ್ತದೆ. ಕೊಳ್ಳುವವರು ಅಂಚಿನ ಮೇಲೆ ಬೆರಳೆಳೆದು ನೋಡಬೇಕು. ತಂತಿ ಕಚ್ಚುವ ತಿರುಪು ಮೆತ್ತನೆಯ ಲೋಹದ್ದಾದರೆ ಎರಡು ಸಲ ತಂತಿ ಬದಲಿಸುವಷ್ಟರಲ್ಲಿ ಅದರ ತಲೆ ಸವೆಯುತ್ತದೆ. ಏಕತಾರಿಯ ಬಿರಡೆ ಹೋದರೆ ಊರ ಬಡಿಗ ಕೆತ್ತಿ ಕೊಡ್ತಾನೆ. ಈ ತಿರುಪು ಹೋದರೆ ಪಾರ್ಸೆಲ್‌ಗೆ ಕಾಯಬೇಕು.

ಹಾಗಾದರೆ ನಿಲ್ಲಿಸುವುದು ಹೇಗೆ? ಬಲ ಅಂಗೈಯ ಅಂಚನ್ನು ಕುದುರೆಯ ಹತ್ತಿರ ತಂತಿಗೆ ತಾಗಿಸಿ ನುಡಿಸುವುದು ಒಂದು ದಾರಿ. ಮಲ್ಟಿಸ್ಕೇಲ್‌ನಲ್ಲಿ ಕುದುರೆಯೇ ಓರೆ, ದಪ್ಪ ತಂತಿಯದು ಹಿಂದಕ್ಕೆ ಸರಿದಿರುತ್ತದೆ. ಸಣ್ಣ ತಂತಿಗೆ ಸರಿಹೋದ ಅಂಗೈ ದಪ್ಪದಕ್ಕೆ ಸರಿಹೋಗುವುದಿಲ್ಲ, ಮಣಿಕಟ್ಟು ತಿರುವಿ ಕೂರಿಸಬೇಕು. ನನ್ನ ಮಟ್ಟಿಗೆ ಈ ವಾದ್ಯದ ನುಡಿಸಾಣಿಕೆಯ ನಿಜವಾದ ಕೊರತೆ ಇದು. ನಾವು ಇನ್ನೊಂದು ಉಪಾಯ ಮಾಡಿದೆವು. ಹಳೆಯ ಸೊಲ್ಲಾಪುರಿ ಟವೆಲ್ಲಿನಿಂದ ಒಂದು ಪಟ್ಟಿ ಕತ್ತರಿಸಿ, ಸುರುಳಿ ಸುತ್ತಿ, ಕುದುರೆಯ ಮುಂದೆ ತಂತಿಗಳ ಕೆಳಗೆ ತುರುಕಿದೆವು. ನಾದ 'ಗುಂಯ್' ಅನ್ನೋದು ಬಿಟ್ಟು 'ತುಂ' ಅಂತು. ಮುತ್ಯಾ ತಲೆ ಆಡಿಸಿದರು. ಆಮೇಲೆ ಓದಿದಾಗ ಗೊತ್ತಾಯಿತು, ಲಿಯೋ ಫೆಂಡರ್ 1951ರಲ್ಲಿ ತಂದ ಪ್ರಿಸಿಷನ್ ಬೇಸ್‌ನಲ್ಲೇ ಕುದುರೆಯ ಮುಚ್ಚಳದ ಒಳಗೆ ನಾದ ಆರಿಸುವ ರಬ್ಬರಿನ ಪಟ್ಟಿ ಇರುತ್ತಿತ್ತು. ಆಗಿನವರಿಗೆ ಗಿಡ್ಡ ನಾದವೇ ಬೇಕಿತ್ತು. ಸಸ್ಟೇನ್ ಅನ್ನೋದು ಆಮೇಲೆ ಬಂದ ಆಸೆ.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಹೇಳಿ.

ಪ್ರಶ್ನೆ: ರಘು ದೀಕ್ಷಿತ್ ಮುಂತಾದವರು ಶರೀಫರ ಪದಗಳನ್ನು ಬೇಸ್ ಗಿಟಾರ್ ಜೊತೆಗೇ ಹಾಡಿದ್ದಾರೆ. ಅಲ್ಲಿ ಮಾತು ಸ್ಪಷ್ಟವಾಗಿ ಕೇಳುತ್ತದಲ್ಲ?

ಉತ್ತರ: ಕೇಳುತ್ತದೆ. 2008ರ ಆ ಆಲ್ಬಂನಿಂದಲೇ ನಮ್ಮ ವಯಸ್ಸಿನ ಎಷ್ಟೋ ಜನ ಶರೀಫರನ್ನು ಮೊದಲು ಕೇಳಿದ್ದು. ಸ್ಟುಡಿಯೋದಲ್ಲಿ ದನಿಯೇ ಬೇರೆ, ಬೇಸೇ ಬೇರೆ ಹಿಡಿದು, ಎಲ್ಲಿ ಯಾವುದು ಮುಂದೆ ಬರಬೇಕು ಅಂತ ಕೂತು ನಿರ್ಧರಿಸುತ್ತಾರೆ. ಆ ನಿರ್ಧಾರ ಮಾಡುವವನೂ ಒಂದು ಅರ್ಥದಲ್ಲಿ ಆ ಪದದ ಸಂಪಾದಕ. ನಮ್ಮ ಗುಡಿಯಲ್ಲಿ ಆ ಕುರ್ಚಿ ಖಾಲಿ. ಅಲ್ಲಿ ನುಡಿಸುವವನ ಅಂಗೈಯೇ ಸಂಪಾದನೆ ಮಾಡಬೇಕು.

ಪ್ರಶ್ನೆ: ಏಕತಾರಿ ಇರುವಾಗ ಬೇಸ್ ಯಾಕೆ ಬೇಕು? ನೀವೇ ಹೇಳಿದ ದೋಷಗಳು ಕಡಿಮೆಯೇನಿಲ್ಲ.

ಉತ್ತರ: ಬೇಸ್ ಬಂದ ಮೇಲೆ ಮಂಡಳಿಗೆ ಹೊಸದಾಗಿ ನಾಲ್ಕು ಹುಡುಗರು ಬಂದರು, ಮೇಡಂ. ನೋಡೋಕೆ ಬಂದವರು ಕೂತರು, ಕೂತವರು ಪದ ಕೇಳಿ ಬರೆದುಕೊಳ್ತಾ ಇದ್ದಾರೆ. ಏಕತಾರಿ ತೆಗೆದಿಲ್ಲ. ಪದದ ನುಡಿಗಳಿಗೆ ಏಕತಾರಿ ಮಾತ್ರ, ಪಲ್ಲವಿ ಮರಳಿದಾಗ ಬೇಸ್ ಸೇರಬೇಕು ಅಂತ ಮುತ್ಯಾನೇ ಕಟ್ಟು ಮಾಡಿದರು. ಪಲ್ಲವಿ ಎಲ್ಲರಿಗೂ ಬಾಯಿಪಾಠ ಇರ್ತದ, ಅಲ್ಲಿ ನುಂಗಿದರೂ ನಷ್ಟವಿಲ್ಲ ಅನ್ನೋದು ಅವರ ಲೆಕ್ಕ.

ಪ್ರಶ್ನೆ: ವಹಿಯಲ್ಲಿ ಎ-ಏ ಭೇದದ ಬಗ್ಗೆ ಏನಾದರೂ ಮಾಡಿದಿರಾ?

ಉತ್ತರ: ಮಾಡಿದ್ದೀವಿ. ಹ್ರಸ್ವ ಇರುವ ಕಡೆ ಅಕ್ಷರದ ಕೆಳಗೆ ಒಂದು ಚುಕ್ಕೆ. ಮುತ್ಯಾ ಹಾಡ್ತಾ ಹೋದಾಗ ಹುಡುಗರು ಪೆನ್ಸಿಲ್‌ನಿಂದ ಇಡ್ತಾ ಹೋಗ್ತಾರೆ. ಒಂದು ವಹಿ ಅರ್ಧ ಆಗಿದೆ. ಬೇಸ್ ನುಡಿಸುವವನು ದೀಪಾವಳಿಗೆ ಮತ್ತೆ ಬರ್ತಾನೆ, ಅಷ್ಟರಲ್ಲಿ ಇನ್ನರ್ಧ ಮುಗಿಸಬೇಕು ಅಂತ ಇದೆ.